ಮನೆ ಮಾರಾಟಕ್ಕಿಡುವ ಮುಂಚೆ ಪರ್ಮಿಟ್ ದಾಖಲೆ ತೆಗೆಸಿ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವಾಗ ಎಲ್ಲ ಒಪ್ಪಂದ ಆದ ಮೇಲೂ ವ್ಯವಹಾರ ತೊಡಕಿಗೆ ಬೀಳುವುದು ಬಹಳ ಸಲ ಹಳೆಯ ರಿಪೇರಿಗಳಿಂದ. ವಾಟರ್ ಹೀಟರ್ ಬದಲಾಯಿಸಿರುತ್ತಾರೆ, ಎಲೆಕ್ಟ್ರಿಕ್ ಪ್ಯಾನೆಲ್ ಹೊಸದಾಗಿರುತ್ತದೆ, ಗ್ಯಾರೇಜ್ ಒಂದು ರೂಮಾಗಿರುತ್ತದೆ. ಕೆಲಸ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಸಿಟಿಯ ಬಿಲ್ಡಿಂಗ್ ಇಲಾಖೆಯ ಒಪ್ಪಿಗೆ, ಅಂದರೆ ಪರ್ಮಿಟ್, ಪಡೆಯದ ಕಾರಣ ಅವರ ದಾಖಲೆಯ ಪ್ರಕಾರ ಅದು ನಡೆದೇ ಇಲ್ಲ. ಮಾರಾಟಕ್ಕೆ ಮುಂಚೆ ಮನೆ ಪರೀಕ್ಷಿಸಿ ಸಿದ್ಧ ಮಾಡಿಕೊಡುವುದು ನಮ್ಮ ಕೆಲಸ. ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್ ಕಡೆಯ ಕನ್ನಡದ ಕುಟುಂಬಗಳಿಗೆ, ಅದರಲ್ಲೂ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ವಾಪಸಾಗಿ ಈಗ ಅಲ್ಲಿಂದಲೇ ಮಾರಲು ಹೊರಟವರಿಗೆ, ಉಪಯೋಗಕ್ಕೆ ಬರಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಕಾನೂನಿನ ಮಾತು. ಮಾರುವವರು ತುಂಬಿ ಸಹಿ ಹಾಕಬೇಕಾದ ಟ್ರಾನ್ಸ್‌ಫರ್ ಡಿಸ್‌ಕ್ಲೋಶರ್ ಸ್ಟೇಟ್‌ಮೆಂಟ್ ಎಂಬ ಫಾರಂ ಇದೆ. ಅದರ ನಮೂನೆ ರಾಜ್ಯದ ಸಿವಿಲ್ ಕೋಡಿನಲ್ಲೇ ಇದೆ. ಬೇಕಾದ ಪರ್ಮಿಟ್ ಇಲ್ಲದೆ ರೂಮು ಸೇರಿಸಿದ್ದೀರಾ, ಕಟ್ಟಡದ ರಚನೆ ಬದಲಾಯಿಸಿದ್ದೀರಾ, ಬೇರೆ ಮಾರ್ಪಾಡು ಅಥವಾ ರಿಪೇರಿ ಮಾಡಿಸಿದ್ದೀರಾ ಎಂದು ಅದು ನೇರವಾಗಿ ಕೇಳುತ್ತದೆ. ಮುಂದಿನ ಸಾಲು ಬಿಲ್ಡಿಂಗ್ ಕೋಡಿಗೆ ಹೊಂದದ ಕೆಲಸದ ಬಗ್ಗೆ. ಮನೆಯನ್ನು 'ಆ್ಯಸ್ ಈಸ್', ಅಂದರೆ ಇದ್ದ ಸ್ಥಿತಿಯಲ್ಲೇ, ಎಂದು ಮಾರಿದರೂ ಗೊತ್ತಿರುವುದನ್ನು ಹೇಳುವ ಜವಾಬ್ದಾರಿ ಹೋಗುವುದಿಲ್ಲ. 2024ರ ಜುಲೈ 1ರಿಂದ ಇನ್ನೊಂದು ನಿಯಮವೂ ಸೇರಿದೆ: ಮನೆ ತಮ್ಮ ಹೆಸರಿಗೆ ಬಂದ 18 ತಿಂಗಳೊಳಗೆ ಮಾರುವವರು ಆ ಅವಧಿಯಲ್ಲಿ ಕಾಂಟ್ರಾಕ್ಟರ್ ಕೈಲಿ ಮಾಡಿಸಿದ ಕೆಲಸಗಳ ಪಟ್ಟಿಯನ್ನೂ ಅವುಗಳ ಪರ್ಮಿಟ್ ಪ್ರತಿಗಳನ್ನೂ ಕೊಡಬೇಕು. ಕೊಂಡು, ಸರಿಪಡಿಸಿ, ತಕ್ಷಣ ಮಾರುವವರನ್ನು ಗುರಿಯಿಟ್ಟು ತಂದ ಕಾನೂನು ಇದು. ಆದರೆ ಕೆಲಸ ಬದಲಾಗಿ ವರ್ಷದೊಳಗೆ ಊರು ಬಿಡಬೇಕಾದ ಸಾಮಾನ್ಯ ಕುಟುಂಬಕ್ಕೂ ಅನ್ವಯಿಸುತ್ತದೆ.

ಯಾವುದಕ್ಕೆ ಪರ್ಮಿಟ್ ಬೇಕು ಎಂಬಲ್ಲೇ ಹೆಚ್ಚಿನವರ ಅಂದಾಜು ತಪ್ಪುತ್ತದೆ. ಬಣ್ಣ, ವಾಲ್‌ಪೇಪರ್, ಕಾರ್ಪೆಟ್, ಟೈಲ್ಸ್, ಕ್ಯಾಬಿನೆಟ್, ಕೌಂಟರ್‌ಟಾಪ್ ಇವಕ್ಕೆ ಬೇಡ. ನಲ್ಲಿ ಬದಲಾಯಿಸುವುದಕ್ಕೆ, ಕಟ್ಟಿಕೊಂಡ ಡ್ರೈನ್ ಬಿಡಿಸುವುದಕ್ಕೆ ಬೇಡ. ಆದರೆ ವಾಟರ್ ಹೀಟರ್, ಫರ್ನೇಸ್, ಏಸಿ, ಎಲೆಕ್ಟ್ರಿಕ್ ಪ್ಯಾನೆಲ್, ಹೊಸ ಸರ್ಕ್ಯೂಟ್, ಗ್ಯಾಸ್ ಲೈನ್, ಮಾಡಿನ ಹೊದಿಕೆ, ಕಿಟಕಿ ಇವಕ್ಕೆಲ್ಲ ಬೇಕು. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಅದೇ ಅಳತೆಯದನ್ನು ಕೂರಿಸಿದರೂ ಬೇಕು. ಬಚ್ಚಲಮನೆಯಲ್ಲಿ ಗೋಡೆಯ ಟೈಲ್ಸ್ ಮಾತ್ರ ಬದಲಾದರೆ ಚಿಂತೆಯಿಲ್ಲ. ಶವರಿನ ತಳದಲ್ಲಿ ನೀರು ತಡೆಯುವ ಶವರ್ ಪ್ಯಾನ್ ಕಿತ್ತು ಹೊಸದು ಹಾಕಿದರೆ ಅದು ಪ್ಲಂಬಿಂಗ್ ಕೆಲಸವಾಯಿತು: ಟೈಲ್ಸ್ ಕೂರಿಸುವ ಮುಂಚೆ ಪ್ಯಾನಿಗೆ ಹೊಸ್ತಿಲ ಮಟ್ಟದವರೆಗೆ ನೀರು ತುಂಬಿ, ಇಳಿಯುವುದಿಲ್ಲ ಎಂದು ಇನ್ಸ್‌ಪೆಕ್ಟರ್ ನೋಡಬೇಕು. ಟೈಲ್ಸ್ ಮುಚ್ಚಿದ ಮೇಲೆ ಆ ಪರೀಕ್ಷೆ ಮಾಡಲು ಬರುವುದಿಲ್ಲ. ಪರ್ಮಿಟ್ಟನ್ನು ಮೊದಲೇ ತೆಗೆಯಬೇಕು ಎನ್ನುವುದು ಇದಕ್ಕೇ.

ವಾಟರ್ ಹೀಟರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪರ್ಮಿಟ್ ಇಲ್ಲದೆ ಅತಿ ಹೆಚ್ಚು ಆಗುವ ಕೆಲಸ ಇದೇ, ಪ್ರಾಣಾಪಾಯ ಇರುವುದೂ ಇದರಲ್ಲೇ. ಟ್ಯಾಂಕಿನ ಪಕ್ಕದಲ್ಲೋ ಮೇಲೋ ಒಂದು ಸುರಕ್ಷತಾ ವಾಲ್ವ್ ಇರುತ್ತದೆ. ಸಾಮಾನ್ಯವಾಗಿ 150 ಪಿಎಸ್‌ಐ ಒತ್ತಡ ಅಥವಾ 210 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತೆರೆದುಕೊಂಡು ನೀರು ಹೊರಬಿಡುತ್ತದೆ. ಅದರಿಂದ ಹೊರಟ ಪೈಪು ವಾಲ್ವಿನ ಬಾಯಿಗಿಂತ ಕಿರಿದಾಗಬಾರದು, ಎಲ್ಲೂ ಮೇಲಕ್ಕೆ ಏರಬಾರದು, ಹೊರಗೆ ನೆಲದಿಂದ 6ರಿಂದ 24 ಇಂಚು ಎತ್ತರದಲ್ಲಿ ಕೆಳಮುಖವಾಗಿ ಕೊನೆಯಾಗಬೇಕು, ತುದಿಯಲ್ಲಿ ಕ್ಯಾಪ್ ತಿರುಗಿಸಿ ಕೂರಿಸುವಂಥ ತಿರುಪಿನ ಗೆರೆ (ಥ್ರೆಡ್) ಇರಬಾರದು. ಅದು ಇದ್ದರೆ ಯಾರೋ ಒಂದು ದಿನ ಕ್ಯಾಪ್ ತಿರುಗಿಸಿ ಮುಚ್ಚುತ್ತಾರೆ. ನಿಜವಾಗಿಯೂ ಹಾಗೆ ಮುಚ್ಚಿದ್ದು ಸಿಗುತ್ತದೆ, ಕಾರಣ ತೊಟ್ಟಿಕ್ಕುವುದು. ಬೀದಿಯ ಲೈನಿನಿಂದ ಮನೆಗೆ ಬರುವಲ್ಲಿ ಪ್ರೆಶರ್ ರೆಗ್ಯುಲೇಟರ್ ಇದ್ದರೆ ಕಾದು ಹಿಗ್ಗಿದ ನೀರಿಗೆ ಹಿಂದಕ್ಕೆ ಹೋಗಲು ದಾರಿಯಿರುವುದಿಲ್ಲ. ಒತ್ತಡ ಏರಿ ವಾಲ್ವ್ ಜಿನುಗುತ್ತದೆ. ಅದಕ್ಕೆ ಮದ್ದು ತಣ್ಣೀರಿನ ಲೈನಿಗೆ, ಹಿಗ್ಗಿದ ನೀರನ್ನು ಹಿಡಿದುಕೊಳ್ಳುವ ಒಂದು ಎಕ್ಸ್‌ಪಾನ್ಶನ್ ಟ್ಯಾಂಕ್ ಕೂರಿಸುವುದು. ವಾಲ್ವನ್ನು ಮುಚ್ಚುವುದು ಟ್ಯಾಂಕನ್ನು ಬಾಂಬ್ ಮಾಡಿದಂತೆ.

ಭೂಕಂಪದ ಪಟ್ಟಿ ಇಲ್ಲಿ ಕಡ್ಡಾಯ. ಟ್ಯಾಂಕಿನ ಎತ್ತರವನ್ನು ಮೂರು ಭಾಗ ಮಾಡಿದರೆ ಮೇಲಿನ ಭಾಗದಲ್ಲಿ ಒಂದು, ಕೆಳಗಿನ ಭಾಗದಲ್ಲಿ ಒಂದು ಪಟ್ಟಿ. ಕೆಳಗಿನದು ಕಂಟ್ರೋಲ್‌ಗಿಂತ ಕನಿಷ್ಠ 4 ಇಂಚು ಮೇಲಿರಬೇಕು. ಪಟ್ಟಿಯ ತಿರುಪು ಗೋಡೆಯ ಮೇಲ್ಹೊದಿಕೆಯಾದ ಡ್ರೈವಾಲ್‌ನಲ್ಲಿ ಅಲ್ಲ, ಒಳಗಿನ ಮರದ ಸ್ಟಡ್‌ನಲ್ಲಿ ಹಿಡಿದಿರಬೇಕು. ತೂತುತೂತಾಗಿರುವ ತೆಳು ಪ್ಲಂಬರ್ ಟೇಪು ಸಾಲದು. ಮಾರುವಾಗ ಹೀಟರ್ ಕಟ್ಟಿ ಭದ್ರ ಮಾಡಿದ್ದೇವೆ ಎಂದು ಮಾಲೀಕರೇ ಬರೆದುಕೊಡಬೇಕು. ಗ್ಯಾರೇಜಿನಲ್ಲಿದ್ದರೆ ಬೆಂಕಿ ಹೊತ್ತುವ ಭಾಗ ನೆಲದಿಂದ 18 ಇಂಚು ಮೇಲಿರಬೇಕು, ಪೆಟ್ರೋಲ್ ಆವಿ ನೆಲಮಟ್ಟದಲ್ಲಿ ಹರಡುತ್ತದೆ ಎಂಬ ಕಾರಣಕ್ಕೆ. ಆವಿಗೆ ಬೆಂಕಿ ಹತ್ತದಂತೆ ತಯಾರಿಸಿದ ಮಾಡೆಲ್‌ಗಳಿಗೆ ಇದರಲ್ಲಿ ವಿನಾಯಿತಿ ಇದೆ. ಕಾರು ತಾಗುವ ಜಾಗವಾದರೆ ಮುಂದೆ ಒಂದು ಗಟ್ಟಿ ಕಂಬವೂ ಬೇಕು. ಹೊಗೆಕೊಳವೆ ಪ್ರತಿ ಅಡಿಗೆ ಕಾಲು ಇಂಚಿನಂತೆ ಏರುತ್ತಾ ಹೋಗಬೇಕು. ಕೀಲು ಬಿಟ್ಟುಕೊಂಡರೆ ಅಥವಾ ಇಳಿಜಾರು ತಿರುಗಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಹೀಟರ್ ಚೊಕ್ಕವಾಗಿದ್ದರೂ ಇನ್ಸ್‌ಪೆಕ್ಷನ್ ಫೇಲ್ ಆಗುವ ಒಂದು ಸಂದರ್ಭವಿದೆ. 1,000 ಡಾಲರ್ ಮೀರಿದ ಕೆಲಸಕ್ಕೆ ಪರ್ಮಿಟ್ ಪಡೆದರೆ ಇಡೀ ಮನೆಯ ಸ್ಮೋಕ್ ಅಲಾರಂಗಳು ಸರಿಯಿರಬೇಕು: ಪ್ರತಿ ಮಲಗುವ ಕೋಣೆಯೊಳಗೆ, ಆ ಕೋಣೆಗಳ ಹೊರಗಿನ ಹಾದಿಯಲ್ಲಿ, ಪ್ರತಿ ಅಂತಸ್ತಿನಲ್ಲಿ. ಗ್ಯಾಸ್ ಉಪಕರಣವಿದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ. ಹಿಂದಿನ ದಿನವೇ ಎಲ್ಲವನ್ನೂ ಒತ್ತಿ ನೋಡಿಕೊಳ್ಳಿ. ಇದೊಂದಕ್ಕಾಗಿ ಇನ್ಸ್‌ಪೆಕ್ಟರನ್ನು ಮತ್ತೆ ಕರೆಸುವುದು ಬೇಡ.

ಪರ್ಮಿಟ್ ತೆಗೆದರೆ ಮುಗಿಯಿತು ಎಂದುಕೊಂಡವರೂ ಬಹಳ. ಪರ್ಮಿಟ್ ಎಂದರೆ ಕೆಲಸ ಶುರು ಮಾಡಲು ಒಪ್ಪಿಗೆ ಅಷ್ಟೆ. ಕೆಲಸ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಿದಾಗ ಅದು 'ಫೈನಲ್' ಆಗುತ್ತದೆ. 12 ತಿಂಗಳೊಳಗೆ ಕೆಲಸ ಆರಂಭವಾಗದಿದ್ದರೆ, ಅಥವಾ ಶುರುವಾಗಿ 180 ದಿನ ನಿಂತರೆ, ಪರ್ಮಿಟ್ ಸತ್ತಂತೆ. ದಾಖಲೆಯಲ್ಲಿ 'ಎಕ್ಸ್‌ಪೈರ್ಡ್' ಎಂದು ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪರ್ಮಿಟ್ಟೇ ಇಲ್ಲದ ಕೆಲಸಕ್ಕಿಂತ ಇದು ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಇನ್ಸ್‌ಪೆಕ್ಟರ್ ಬಂದು ಏನೋ ತಪ್ಪು ಹೇಳಿ ಹೋಗಿರಬೇಕು, ಅದನ್ನು ಸರಿ ಮಾಡದೆ ಬಿಟ್ಟಿರಬೇಕು ಎಂದು ಕೊಳ್ಳುವವರ ಏಜೆಂಟ್ ಮೊದಲು ಯೋಚಿಸುತ್ತಾರೆ. ಕಾಂಟ್ರಾಕ್ಟರಿಗೆ ಕೊನೆಯ ಕಂತನ್ನು ಫೈನಲ್ ಸಹಿಯಾದ ಮೇಲೆಯೇ ಕೊಡಿ ಎಂದು ಹೇಳುವುದು ಇದಕ್ಕಾಗಿ. ಹಣ ಪೂರ್ತಿ ಕೈಸೇರಿದವರು ಒಂದು ಸಹಿಗಾಗಿ ಮತ್ತೆ ಬರುವುದು ಅಪರೂಪ.

ಹುಡುಕುವುದು ಹೀಗೆ. ಮನೆ ಮಾರಾಟಕ್ಕಿಡುವ ಎರಡು ಮೂರು ತಿಂಗಳು ಮುಂಚೆ ಸಿಟಿಯ ಬಿಲ್ಡಿಂಗ್ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ವಿಳಾಸ ಹಾಕಿ ಎಲ್ಲ ಪರ್ಮಿಟ್‌ಗಳ ಪಟ್ಟಿ ತೆಗೆಯಿರಿ. ಸಿಟಿ ಮಿತಿಯ ಹೊರಗಿದ್ದರೆ ಕೌಂಟಿಯನ್ನು ಕೇಳಬೇಕು. ಹಳೆಯ ಪರ್ಮಿಟ್‌ಗಳು ಪೋರ್ಟಲ್‌ನಲ್ಲಿ ಇಲ್ಲದಿರಬಹುದು, ಅವಕ್ಕೆ ದಾಖಲೆ ಕೋರಿ ಅರ್ಜಿ ಹಾಕಿ. ಆಮೇಲೆ ಆ ಪಟ್ಟಿ ಹಿಡಿದು ಮನೆ ಸುತ್ತಬೇಕು. ಹೀಟರಿನ ಲೇಬಲ್ ಮೇಲೆ ಅಥವಾ ಸೀರಿಯಲ್ ನಂಬರಿನಲ್ಲಿ ತಯಾರಾದ ವರ್ಷ ಸಿಗುತ್ತದೆ. ಹೊರಗಿನ ಏಸಿ ಯೂನಿಟ್‌ನ ತಗಡಿನ ಮೇಲೂ ಹಾಗೆಯೇ. ಯಂತ್ರ 2019ರದ್ದು, ಕೊನೆಯ ಪರ್ಮಿಟ್ 2004ರದ್ದು ಎಂದಾದರೆ ನಡುವೆ ಯಾರೋ ಪರ್ಮಿಟ್ ಇಲ್ಲದೆ ಬದಲಾಯಿಸಿದ್ದಾರೆ. ಕೊಳ್ಳುವವರ ಇನ್ಸ್‌ಪೆಕ್ಟರ್ ಮಾಡುವ ಲೆಕ್ಕವೂ ಇದೇ. ಅವರಿಗಿಂತ ಮೊದಲು ನಿಮಗೆ ಗೊತ್ತಿರಲಿ. ಕೌಂಟಿ ಅಸೆಸರ್ ದಾಖಲೆಯಲ್ಲಿ ನಾಲ್ಕು ಬೆಡ್‌ರೂಮ್ ಎಂದಿದೆ, ಹಾಗಾಗಿ ಸಕ್ರಮ ಎಂದು ವಾದಿಸುವವರಿದ್ದಾರೆ. ಅಸೆಸರ್ ನೋಡುವುದು ತೆರಿಗೆಯನ್ನು. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಂತಲ್ಲ.

ರೂಮಾದ ಗ್ಯಾರೇಜು ಇವೆಲ್ಲಕ್ಕಿಂತ ಕಷ್ಟದ ಪ್ರಕರಣ. ಮಲಗುವ ಕೋಣೆಗೆ ತಪ್ಪಿಸಿಕೊಂಡು ಹೊರಬರುವಂಥ ಕಿಟಕಿ ಬೇಕು: ತೆರೆದಾಗ 5.7 ಚದರಡಿ ಜಾಗ (ನೆಲಮಟ್ಟದ ಕಿಟಕಿಯಾದರೆ 5 ಚದರಡಿ), ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ, ಕೆಳಗಿನ ಅಂಚು ನೆಲದಿಂದ 44 ಇಂಚಿನೊಳಗೆ. ಸೂರು ಕನಿಷ್ಠ 7 ಅಡಿ ಎತ್ತರ ಇರಬೇಕು, ಶಾಖದ ವ್ಯವಸ್ಥೆ ಇರಬೇಕು. ಪರ್ಮಿಟ್ ಇಲ್ಲದ ಜಾಗವನ್ನು ಸಾಲ ಕೊಡುವವರ ಪರವಾಗಿ ಬೆಲೆ ಕಟ್ಟುವ ಅಪ್ರೈಸರ್ ಮನೆಯ ವಿಸ್ತೀರ್ಣಕ್ಕೆ ಸೇರಿಸದೆ ಬಿಡಬಹುದು. ಆಗ ಬೆಲೆ ಕಟ್ಟುವಲ್ಲೇ ವ್ಯತ್ಯಾಸ ಬಂದು ಕೊಳ್ಳುವವರ ಸಾಲ ಕಡಿಮೆಯಾಗುತ್ತದೆ. ಸಕ್ರಮ ಮಾಡಿಸಲು ಹೊರಟರೆ ನಕ್ಷೆ ಬರೆಸಬೇಕು, ಒಳಗಿನ ವೈರಿಂಗ್ ನೋಡಲು ಅಲ್ಲಲ್ಲಿ ಡ್ರೈವಾಲ್ ತೆಗೆಯಬೇಕು, ಎಷ್ಟೋ ಸಿಟಿಗಳಲ್ಲಿ ದಂಡದ ಶುಲ್ಕವೂ ಇರುತ್ತದೆ. 2020ರ ಜನವರಿ 1ಕ್ಕೆ ಮುಂಚೆ ಪರ್ಮಿಟ್ ಇಲ್ಲದೆ ಕಟ್ಟಿದ ಪ್ರತ್ಯೇಕ ವಾಸದ ಘಟಕಗಳಿಗೆ 2025ರಿಂದ ದಾರಿ ಸ್ವಲ್ಪ ಸಲೀಸಾಗಿದೆ: ಆರೋಗ್ಯ, ಸುರಕ್ಷತೆಗೆ ಧಕ್ಕೆಯಿಲ್ಲದಿದ್ದರೆ ಹಳೆಯ ಕೋಡ್ ಉಲ್ಲಂಘನೆಯ ನೆಪದಲ್ಲಿ ಸಿಟಿ ಪರ್ಮಿಟ್ ನಿರಾಕರಿಸುವಂತಿಲ್ಲ. ಸಮಯವಿದ್ದರೆ ಸಕ್ರಮ ಮಾಡಿಸಿ. ಇಲ್ಲದಿದ್ದರೆ ಫಾರಂನಲ್ಲಿ ಸ್ಪಷ್ಟವಾಗಿ ಬರೆದು, ಗ್ಯಾರೇಜ್ ಎಂದೇ ಲೆಕ್ಕ ಹಿಡಿದು ಬೆಲೆ ಹೇಳಿ. ಜಾಹೀರಾತಿನಲ್ಲಿ ಬೆಡ್‌ರೂಮ್ ಎಂದು ಎಣಿಸಿ ತೋರಿಸುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಎಸ್ಕ್ರೋ (ವ್ಯವಹಾರ ಮುಗಿಯುವವರೆಗೆ ಹಣ, ಕಾಗದಪತ್ರ ಇಟ್ಟುಕೊಳ್ಳುವ ಮೂರನೆಯವರ ಖಾತೆ) ತೆರೆದ ಮೇಲೆ ಆಗುವ ಅವಸರದ ರಿಪೇರಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಕೊಳ್ಳುವವರು ಪರೀಕ್ಷೆ ಮಾಡಿಸಿ ರಿಪೇರಿ ಪಟ್ಟಿ ಕಳಿಸುತ್ತಾರೆ. ಮನೆ ಕೈಬದಲಾಗುವ ಕ್ಲೋಸಿಂಗಿಗೆ ಎರಡೋ ಮೂರೋ ವಾರ ಉಳಿದಿರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೊಟ್ಟ ನಂಬರಿಗೆ ಕರೆ ಮಾಡಿ, ಅರ್ಧ ಬೆಲೆಗೆ ಹ್ಯಾಂಡಿಮ್ಯಾನ್ ಕರೆಸಿ ಮುಗಿಸುತ್ತಾರೆ. ಆದರೆ ಇಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಕರಾರಿನ ಪ್ರಕಾರ ಮಾರುವವರು ಮಾಡಿಸುವ ರಿಪೇರಿ ಪರ್ಮಿಟ್ ನಿಯಮಗಳಿಗೂ ಹೊಂದಿರಬೇಕು. ಲೈಸೆನ್ಸ್ ಇಲ್ಲದವರು ಸಾಮಾನು, ಕೂಲಿ ಎರಡೂ ಸೇರಿ 1,000 ಡಾಲರ್‌ಗಿಂತ ಕಡಿಮೆಯ ಕೆಲಸ ಮಾತ್ರ ಮಾಡಬಹುದು, ಅದೂ ಪರ್ಮಿಟ್ ಬೇಡದ ಕೆಲಸವಾದರೆ ಮಾತ್ರ. ವಾಟರ್ ಹೀಟರಿಗೆ ಸಿ-36 ಲೈಸೆನ್ಸಿನ ಪ್ಲಂಬರ್, ಪ್ಯಾನೆಲಿಗೆ ಸಿ-10, ಏಸಿ ಮತ್ತು ಫರ್ನೇಸಿಗೆ ಸಿ-20, ಮಾಡಿಗೆ ಸಿ-39. ರಾಜ್ಯದ ಲೈಸೆನ್ಸ್ ಬೋರ್ಡಿನ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಗ್ರಾಹಕರ ರಕ್ಷಣೆಗೆ ಇಡಬೇಕಾದ ಖಾತರಿಯಾದ ಬಾಂಡ್ ಇದೆಯೇ ಎಂದು ಉಚಿತವಾಗಿ ತಿಳಿಯುತ್ತದೆ. ಪರ್ಮಿಟ್ ನೀವೇ ಓನರ್-ಬಿಲ್ಡರ್ ಆಗಿ, ಅಂದರೆ ಕೆಲಸ ಮಾಡಿಸುವ ಮಾಲೀಕರಾಗಿ ನಿಮ್ಮ ಹೆಸರಿನಲ್ಲೇ, ತೆಗೆದುಕೊಡಿ ಎಂದು ಕಾಂಟ್ರಾಕ್ಟರ್ ಹೇಳಿದರೆ ಬೇರೆಯವರನ್ನು ನೋಡಿ. ಹಾಗೆ ತೆಗೆದರೆ ಕೆಲಸದ ಹೊಣೆ, ಕೆಲಸಗಾರನಿಗೆ ಪೆಟ್ಟಾದರೆ ಅದರ ಹೊಣೆಯೂ ನಿಮ್ಮ ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಕೆಲಸ ಮಾಡಿಸುವವರಿಗೆ ಇದು ಇನ್ನೂ ಅಪಾಯ.

ಆ ಎರಡು ವಾರದಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ವಾಟರ್ ಹೀಟರ್ ಪರ್ಮಿಟ್ ಎಷ್ಟೋ ಸಿಟಿಗಳಲ್ಲಿ ಆನ್‌ಲೈನಿನಲ್ಲೇ ಸಿಗುತ್ತದೆ, ಅದು ಆಗುವ ಕೆಲಸ. ಏಸಿ ಬದಲಾವಣೆಗೆ ರಾಜ್ಯದ ಇಂಧನ ನಿಯಮದಂತೆ ಡಕ್ಟ್ (ಗಾಳಿಕೊಳವೆ) ಸೋರಿಕೆಯ ಪರೀಕ್ಷೆಯನ್ನು ಕಾಂಟ್ರಾಕ್ಟರ್ ಅಲ್ಲದ ಮೂರನೆಯವರು ಮಾಡಿ ದೃಢಪಡಿಸಬೇಕಾಗುತ್ತದೆ. ಹಾಗಾಗಿ ದಿನ ಹಿಡಿಯುತ್ತದೆ. ಪ್ಯಾನೆಲ್ ಬದಲಾವಣೆಗೆ ವಿದ್ಯುತ್ ಕಂಪನಿ ಲೈನ್ ಬಿಚ್ಚಿ ಮತ್ತೆ ಜೋಡಿಸಬೇಕು, ನಡುವೆ ಸಿಟಿ ಇನ್ಸ್‌ಪೆಕ್ಟರ್ ಒಪ್ಪಬೇಕು. ಫೆಡರಲ್ ಪೆಸಿಫಿಕ್, ಜಿನ್ಸ್ಕೋ ಎಂಬ ಹಳೆಯ ಬ್ರಾಂಡಿನ ಪ್ಯಾನೆಲ್‌ಗಳ ಬ್ರೇಕರ್ ಟ್ರಿಪ್ ಆಗದೆ ಉಳಿಯುವ ದೋಷಕ್ಕೆ ಕುಖ್ಯಾತವಾದ್ದರಿಂದ ಕೊಳ್ಳುವವರು ಬದಲಾಯಿಸಿ ಎಂದೇ ಕೇಳುತ್ತಾರೆ. ಅಂಥ ದೊಡ್ಡ ಕೆಲಸವನ್ನು ಅವಸರದಲ್ಲಿ ಮಾಡಿಸುವ ಬದಲು ಮೂರು ಲಿಖಿತ ಕೊಟೇಶನ್ ತರಿಸಿ, ಅಷ್ಟು ಮೊತ್ತವನ್ನು ಕ್ರೆಡಿಟ್ ಆಗಿ, ಅಂದರೆ ಕ್ಲೋಸಿಂಗಿನ ಲೆಕ್ಕದಲ್ಲಿ ಕೊಳ್ಳುವವರಿಗೆ ಜಮೆಯಾಗಿ, ಕೊಟ್ಟುಬಿಡಿ. ಕ್ರೆಡಿಟ್ ಎಷ್ಟರವರೆಗೆ ನಡೆಯುತ್ತದೆ ಎಂದು ಕೊಳ್ಳುವವರ ಬ್ಯಾಂಕನ್ನು ಮೊದಲೇ ಕೇಳಬೇಕು, ಅದಕ್ಕೊಂದು ಮಿತಿಯಿರುತ್ತದೆ. ಮೀರಿದರೆ ಬೆಲೆಯಲ್ಲೇ ಇಳಿಸಿ.

ಬೇರೆ ರಾಜ್ಯದಲ್ಲಿರುವವರು ಈ ವಿವರಗಳನ್ನು ಹಾಗೆಯೇ ಅನ್ವಯಿಸಿಕೊಳ್ಳಬೇಡಿ. ನ್ಯೂಜೆರ್ಸಿಯಲ್ಲಿ ಒಂದೆರಡು ಕುಟುಂಬಗಳ ಬಿಡಿ ಮನೆಗೆ 2018ರಿಂದ ಮಾಡಿನ ಹೊದಿಕೆ ಬದಲಾಯಿಸಲು ಪರ್ಮಿಟ್ ಬೇಡ. ಆದರೆ ಮಾರುವ ಮುಂಚೆ ಸ್ಮೋಕ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಬೆಂಕಿ ನಂದಿಸುವ ಸಿಲಿಂಡರ್ ಇವುಗಳ ಪ್ರಮಾಣಪತ್ರ ಬೇಕೇಬೇಕು, ಹಲವು ಊರುಗಳಲ್ಲಿ ವಾಸಯೋಗ್ಯತೆಯ ಪತ್ರವನ್ನೂ ಕೇಳುತ್ತಾರೆ.

ಕ್ಲೋಸಿಂಗ್ ದಿನ ಬಂದರೂ ಒಂದು ಪರ್ಮಿಟ್ ಫೈನಲ್ ಆಗದೆ ಉಳಿದಿದ್ದರೆ ಬಾಯಿಮಾತಿನಲ್ಲಿ ಬಿಡಬೇಡಿ. ಪರ್ಮಿಟ್ ನಂಬರ್, ಉಳಿದ ಕೆಲಸ, ಇನ್ಸ್‌ಪೆಕ್ಷನ್ ದಿನಾಂಕ, ಫೇಲ್ ಆದರೆ ಖರ್ಚು ಯಾರದು, ಇಷ್ಟನ್ನೂ ಬರೆದು ಇಬ್ಬರೂ ಸಹಿ ಹಾಕಬೇಕು. ಅದಕ್ಕೆ ತಕ್ಕ ಮೊತ್ತವನ್ನು ಎಸ್ಕ್ರೋದಲ್ಲೇ ತಡೆಹಿಡಿಯಲು ಬ್ಯಾಂಕ್ ಒಪ್ಪುತ್ತದೆಯೇ ಎಂದು ಒಂದು ವಾರ ಮುಂಚೆಯೇ ಕೇಳಿ. ಒಪ್ಪದಿದ್ದರೆ ಕ್ಲೋಸಿಂಗನ್ನೇ ನಾಲ್ಕು ದಿನ ಮುಂದಕ್ಕೆ ಹಾಕಿ, ಇನ್ಸ್‌ಪೆಕ್ಟರ್ ಸಹಿ ಹಾಕಿದ ಪರ್ಮಿಟ್ ಕಾರ್ಡಿನ ಪ್ರತಿಯೊಂದಿಗೆ ಕೀಲಿ ಒಪ್ಪಿಸಿ.