ಕಾಟಾದ ಮೇಲೆ ಖಾಲಿ ಗಾಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ವೇ ಬ್ರಿಡ್ಜ್ ಅನ್ನುವವರು ಕಡಿಮೆ. ಅದು ಕಾಟಾ, ಅದರ ರಸೀದಿ ಕಾಟಾ ಚೀಟಿ. ಖಡಿ (ಜಲ್ಲಿ) ಕ್ರಷರ್ ಇರಲಿ, ಎಂ-ಸ್ಯಾಂಡ್ ಘಟಕ ಇರಲಿ, ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಪ್ಲಾಂಟ್ ಇರಲಿ, ಗೇಟಿನ ಪಕ್ಕ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಗಾಡಿ ಹತ್ತಿ ನಿಂತು ತೂಗಿಸಿಕೊಳ್ಳುವ ಕಬ್ಬಿಣದ ಹಾಸು. ಒಳಗೆ ಕೂತವರು ಬಟನ್ ಒತ್ತಿ ಚೀಟಿ ಹರಿದುಕೊಡುತ್ತಾರೆ ಅಷ್ಟೇ ಎಂದು ಹೊರಗಿನವರಿಗೆ ಕಾಣುತ್ತದೆ. ತುಂಬಿದ ಗಾಡಿಯನ್ನು ತೂಗುವ ಮಟ್ಟಿಗೆ ಅದು ಹೌದು ಕೂಡ. ತಪ್ಪುಗಳೆಲ್ಲ ಸೇರಿಕೊಳ್ಳುವುದು ಖಾಲಿ ಗಾಡಿಯ ತೂಕದಲ್ಲಿ, ಇನ್ನೂ ಹೆಚ್ಚಾಗಿ, ಗಾಡಿಯೇ ಇಲ್ಲದಾಗ ಪರದೆ ತೋರಿಸುವ ಸೊನ್ನೆಯಲ್ಲಿ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಮೊದಲು ಈ ಎರಡನ್ನೇ ಕಲಿಯಬೇಕು.

ಬೆಳಿಗ್ಗೆ ಮೊದಲ ಗಾಡಿ ಬರುವ ಅರ್ಧ ಗಂಟೆ ಮುಂಚೆ ತೂಕ ತೋರಿಸುವ ಪರದೆಯಿರುವ ಇಂಡಿಕೇಟರ್ ಚಾಲೂ ಮಾಡಿ. ಅದು ಬಿಸಿಯಾಗಿ ಹದಕ್ಕೆ ಬರುವ ತನಕ ಸೊನ್ನೆ ಆಚೀಚೆ ಜಾರುತ್ತಿರುತ್ತದೆ. ಆ ಅರ್ಧ ಗಂಟೆಯಲ್ಲಿ ಕಸಬರಿಗೆ, ಒಂದು ಸಣ್ಣ ಸಲಾಕೆ ಹಿಡಿದು ಹಾಸಿನ ಸುತ್ತ ಒಮ್ಮೆ ನಡೆಯಬೇಕು. ಹಾಸಿಗೂ ಸುತ್ತಲಿನ ಕಾಂಕ್ರೀಟಿಗೂ ನಡುವೆ ಸಂದಿ ಇರುತ್ತದೆ. ಅಲ್ಲಿ ಇಪ್ಪತ್ತರ (20 ಮಿ.ಮೀ.) ಖಡಿ ಒಂದೇ ಒಂದು ಸಿಕ್ಕಿಕೊಂಡರೂ ಸಾಕು, ತೂಕದ ಒಂದು ಪಾಲು ಹಾಸಿನಡಿ ಭಾರ ಅಳೆಯುವ ಲೋಡ್ ಸೆಲ್‌ಗೆ ಹೋಗದೆ ಆ ಕಲ್ಲಿನ ಮೂಲಕ ಗೋಡೆಗೆ ಹೋಗುತ್ತದೆ. ಗಾಡಿ ಕಡಿಮೆ ತೂಗುತ್ತದೆ, ಇಳಿದ ಮೇಲೆ ಪರದೆ ಸೊನ್ನೆಗೆ ಮರಳುವುದಿಲ್ಲ. ಹಾಸು ಅಲುಗಾಡದಂತೆ ತಡೆಯುವ ಬೋಲ್ಟುಗಳ ಸಂದಿಯನ್ನೂ ಹೀಗೆಯೇ ನೋಡಬೇಕು. ಅವು ತಾಗಿಕೊಂಡಿರಬಾರದು.

ಪರದೆಯ ಮೇಲೆ 40 ಕಿಲೋ ಕಂಡ ಕೂಡಲೇ ಸೊನ್ನೆ ಬಟನ್ ಒತ್ತುವುದು ಈ ಕೆಲಸದ ಅತಿ ಕೆಟ್ಟ ಚಟ. ಮೊದಲು ಗುಡಿಸಿ, ಸಂದಿ ನೋಡಿ, ಹಾಸಿನ ಮೇಲೆ ಯಾರಾದರೂ ನಿಂತಿದ್ದಾರೆಯೇ ನೋಡಿ, ಆಮೇಲೆ ಒತ್ತಿ. ಯಂತ್ರಕ್ಕೆ ಅದು ಡಸ್ಟೋ (ಕ್ರಷರ್ ಪುಡಿ) ಮನುಷ್ಯನೋ ಗೊತ್ತಾಗುವುದಿಲ್ಲ. ಬಹಳಷ್ಟು ಇಂಡಿಕೇಟರುಗಳು ಒಟ್ಟು ಸಾಮರ್ಥ್ಯದ ಶೇ. 2ರವರೆಗೆ ಸೊನ್ನೆ ಮಾಡಲು ಬಿಡುತ್ತವೆ, ಅಂದರೆ 60 ಟನ್ ಕಾಟಾದಲ್ಲಿ 1,200 ಕಿಲೋ. ಕ್ಲೀನರ್ ಹಾಸಿನ ಮೇಲೆ ನಿಂತು ಬೀಡಿ ಹಚ್ಚುತ್ತಿರುವಾಗ ಸೊನ್ನೆ ಒತ್ತಿದರೆ ಆತ ಇಳಿದ ಕೂಡಲೇ ಪರದೆ ಮೈನಸ್ 60 ತೋರಿಸುತ್ತದೆ, ಮುಂದಿನ ಗಾಡಿ 60 ಕಿಲೋ ಕಡಿಮೆ ತೂಗುತ್ತದೆ. ಸೊನ್ನೆ ಎರಡೂ ತೂಕಗಳಲ್ಲಿ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ, ಲೋಡ್ ತೂಕದಲ್ಲಿ ಖಾಲಿ ತೂಕ ಕಳೆದು ಬರುವ ನೆಟ್‌ನಲ್ಲಿ ಅದು ಕಳೆದುಹೋಗುತ್ತದೆ. ಖಾಲಿ ತೂಕಕ್ಕೂ ಲೋಡ್ ತೂಕಕ್ಕೂ ನಡುವೆ ಜಾರಿದರೆ ಆ ಕಿಲೋಗಳು ನೇರ ಬಿಲ್ಲಿಗೆ ಹೋಗುತ್ತವೆ. ಹಾಗಾಗಿ ಪ್ರತಿ ಗಾಡಿ ಇಳಿದಾಗಲೂ ಪರದೆ ಸೊನ್ನೆಗೆ ಬಂತೇ ಎಂದು ಒಮ್ಮೆ ಕಣ್ಣು ಹಾಯಿಸಿಯೇ ಮುಂದಿನ ಗಾಡಿಯನ್ನು ಹತ್ತಿಸಬೇಕು.

ಇನ್ನು ಖಾಲಿ ತೂಕ. ಮಾರಾಟದ ಗಾಡಿಗೆ ಖಾಲಿ ತೂಕ ಮೊದಲು, ಲೋಡ್ ತೂಕ ನಂತರ. ಮಾಲು ತಂದು ಸುರಿಯುವ ಗಾಡಿಗೆ ಇದರ ಉಲ್ಟಾ. ದಿನಕ್ಕೆ ಹತ್ತು ಟ್ರಿಪ್ ಹೊಡೆಯುವ ಟಿಪ್ಪರಿಗೆ ಪ್ರತಿ ಸಲ ಖಾಲಿ ತೂಗುವುದು ಯಾಕೆಂದು ಕಂಪ್ಯೂಟರಿನಲ್ಲಿ ಉಳಿಸಿಟ್ಟ ಹಳೆಯ ಖಾಲಿ ತೂಕವನ್ನೇ ಬಳಸುವ ರೂಢಿ ಹಲವು ಕಡೆ ಇದೆ. ಇದು ನಿಲ್ಲಬೇಕು. ಗಾಡಿಯ ಖಾಲಿ ತೂಕ ಒಂದೇ ದಿನದಲ್ಲಿ ಎಷ್ಟು ಏರಿಳಿಯುತ್ತದೆ ನೋಡಿ. ಡೀಸೆಲ್ ಲೀಟರಿಗೆ ಸುಮಾರು 0.83 ಕಿಲೋ, 250 ಲೀಟರ್ ತುಂಬಿಸಿಕೊಂಡು ಬಂದರೆ 200 ಕಿಲೋಗೂ ಮೇಲೆ. ರಿಮ್ ಸಮೇತ ಸ್ಟೆಪ್ನಿ ಹತ್ತಿರ ಹತ್ತಿರ ಒಂದು ಕ್ವಿಂಟಲ್. ನೀರಿನ ಡ್ರಮ್ಮು 200 ಲೀಟರಿನದಾದರೆ ಎರಡು ಕ್ವಿಂಟಲ್. ನೆನೆದ ತಾಡಪತ್ರಿ ಬೇರೆ. ಎಲ್ಲಕ್ಕಿಂತ ಮೋಸದ್ದು ಟಿಪ್ಪರಿನ ಮೂಲೆಯಲ್ಲಿ ಅಂಟಿದ ಹಸಿ ಡಸ್ಟ್. ಡಾಲಾ (ಮಾಲು ತುಂಬುವ ತೊಟ್ಟಿ) ಎತ್ತಿದರೂ ಬೀಳದೆ ಮೂರು ನಾಲ್ಕು ಕ್ವಿಂಟಲ್ ಹಾಗೇ ಕೂತಿರುತ್ತದೆ.

ಉಳಿಸಿಟ್ಟ ಖಾಲಿ ತೂಕ 11,200 ಕಿಲೋ, ಇವತ್ತಿನ ನಿಜವಾದ ಖಾಲಿ ತೂಕ 11,560, ಲೋಡ್ ತೂಕ 28,000 ಎಂದುಕೊಳ್ಳಿ. ಚೀಟಿ 16,800 ಎನ್ನುತ್ತದೆ, ಗಾಡಿಯಲ್ಲಿರುವ ಹೊಸ ಮಾಲು 16,440. ಆ 360 ಕಿಲೋಗೆ ಗಿರಾಕಿ ದುಡ್ಡು ಕೊಡುತ್ತಾನೆ. ಆತ ತನ್ನ ಸೈಟಿನ ಬಳಿ ಮತ್ತೊಂದು ಕಾಟಾದಲ್ಲಿ ತೂಗಿಸಿ, ಇಳಿಸಿದ ಮೇಲೆ ಖಾಲಿಯನ್ನೂ ತೂಗಿಸಿದರೆ ಕೊರತೆ ಡ್ರೈವರ್ ತಲೆಗೆ ಬರುತ್ತದೆ, ಬಾಡಿಗೆಯಲ್ಲಿ ಹಿಡಿಯುತ್ತಾರೆ. ಕಾಟಾ ಕೋಣೆಯಲ್ಲಿ ಉಳಿಸಿದ ಎರಡು ನಿಮಿಷಕ್ಕೆ ಏನೂ ಮಾಡದ ಒಬ್ಬ ದುಡಿಯುವ ಮನುಷ್ಯ ದಂಡ ಕಟ್ಟುತ್ತಾನೆ. ಹಿಂದಿನ ಖಾಲಿ ತೂಕವನ್ನು ಹೋಲಿಸಿ ನೋಡಲು ಮಾತ್ರ ಇಟ್ಟುಕೊಳ್ಳಿ. ಇವತ್ತಿನದು ಅದಕ್ಕಿಂತ 200 ಕಿಲೋಗೂ ಹೆಚ್ಚು ಆಚೀಚೆಯಾಗಿದ್ದರೆ ಕೋಣೆಯಿಂದೆದ್ದು ಹೋಗಿ ಡಾಲಾ ಒಳಗೆ, ಗಾಡಿಯ ಅಡಿಗೆ ನೋಡಿ ಬನ್ನಿ.

ಡ್ರೈವರ್, ಕ್ಲೀನರ್ ಇಬ್ಬರೂ ಎರಡೂ ಸಲ ಇಳಿದಿರಬೇಕು. “ಅಣ್ಣಾ, ಸ್ವಲ್ಪ ಇಳೀರಿ, ಕ್ಲೀನರ್ ತಮ್ಮನ್ನೂ ಇಳಸ್ರಿ” ಎಂದು ಪ್ರೀತಿಯಿಂದಲೇ ಹೇಳಿ, ಆದರೆ ಯಾರಿಗೂ ವಿನಾಯಿತಿ ಬೇಡ. ಮಾಲೀಕರ ಸ್ವಂತ ಗಾಡಿಗೆ ಒಂದು ನಿಯಮ, ಬಾಡಿಗೆ ಗಾಡಿಗೆ ಇನ್ನೊಂದು ಅಂತಾದ ದಿನದಿಂದ ಡ್ರೈವರುಗಳು ಚೀಟಿಯನ್ನು ನಂಬುವುದು ಬಿಡುತ್ತಾರೆ.

ಗಾಡಿ ನಿಲ್ಲಿಸುವುದರಲ್ಲೂ ಲೆಕ್ಕ ಇದೆ. ನಡೆಯುವ ವೇಗದಲ್ಲಿ ಹತ್ತಬೇಕು, ಹಾಸಿನ ಮೇಲೆ ಜೋರಾಗಿ ಬ್ರೇಕ್ ಹಾಕಬಾರದು. ಹಾಗೆ ಹಾಕಿದರೆ ಹಾಸು ಮುಂದಕ್ಕೆ ಸರಿದು ತಡೆಬೋಲ್ಟಿಗೆ ಗುದ್ದುತ್ತದೆ, ಕೆಲವೊಮ್ಮೆ ತಾಗಿಕೊಂಡೇ ನಿಲ್ಲುತ್ತದೆ. ಎಂಜಿನ್ ಬಂದ್ ಮಾಡಿಸಿ, ಪರದೆಯಲ್ಲಿ ಸ್ಥಿರ ಗುರುತು ಬರುವ ತನಕ ಕಾಯಿರಿ. ಎಲ್ಲ ಗಾಲಿಗಳೂ ಹಾಸಿನ ಒಳಗಿವೆಯೇ ಎಂದು ಎರಡೂ ತುದಿ ನೋಡಿ. ಹಿಂದಿನ ಗಾಲಿ ಅರ್ಧ ರ‍್ಯಾಂಪಿನ ಮೇಲಿದ್ದರೆ ಟನ್ನುಗಟ್ಟಲೆ ಕಡಿಮೆ ಬರುತ್ತದೆ. ಕಿಟಕಿಯಿಂದ ಆ ತುದಿ ಕಾಣದಿದ್ದರೆ ಕನ್ನಡಿಯೋ ಕ್ಯಾಮೆರಾವೋ ಬೇಕೇ ಬೇಕು. 9 ಮೀಟರ್ ಹಾಸಿನ ಮೇಲೆ ಉದ್ದನೆಯ ಟ್ರೇಲರನ್ನು ಮುಂದಿನ ಅರ್ಧ, ಹಿಂದಿನ ಅರ್ಧ ಎಂದು ತೂಗಿ ಕೂಡಿಸುವುದನ್ನು ಒಪ್ಪಲೇಬೇಡಿ. ರ‍್ಯಾಂಪು ಹಾಸಿನ ಮಟ್ಟಕ್ಕೆ ಸರಿಯಾಗಿಲ್ಲದಿದ್ದರೆ ಭಾರ ಒಂದು ಅಚ್ಚಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಕೂಡಿಸಿದ ಮೊತ್ತ ಸುಳ್ಳಾಗುತ್ತದೆ. ಟ್ರ್ಯಾಕ್ಟರ್ ಬಂದರೆ ಎಂಜಿನ್ನು, ಟ್ರಾಲಿ ಎರಡೂ ಹಾಸಿನ ಮೇಲೆ, ಎರಡೂ ಸಲ. ಆಷಾಢದ ಗಾಳಿಯಲ್ಲಿ ಪರದೆ 10–20 ಕಿಲೋ ಓಲಾಡುವುದು ಸಹಜ, ಗಾಳಿ ಇಳಿಯುವ ಗಳಿಗೆ ನೋಡಿ ಪ್ರಿಂಟ್ ಕೊಡಿ.

“ನಿಮ್ಮ ಕಾಟಾಕ್ಕೂ ಆ ಕಾಟಾಕ್ಕೂ 40 ಕಿಲೋ ಫರಕ್ ಬಂತಲ್ರೀ” ಎಂದು ಕೇಳುವವರಿಗೆ ಉತ್ತರ ಗೊತ್ತಿರಬೇಕು. 60 ಟನ್ ಸಾಮರ್ಥ್ಯದ, 10 ಕಿಲೋ ಹೆಜ್ಜೆಯ (ಪರದೆಯ ಅಂಕಿ ಹತ್ತು ಹತ್ತು ಕಿಲೋ ಏರಿಳಿಯುವ) ಕಾಟಾಕ್ಕೆ 20 ಟನ್ ಮೀರಿದ ಭಾರದಲ್ಲಿ ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕುವಾಗ 15 ಕಿಲೋವರೆಗೆ, ಬಳಕೆಯಲ್ಲಿದ್ದಾಗ 30 ಕಿಲೋವರೆಗೆ ಹೆಚ್ಚುಕಡಿಮೆಗೆ ಅವಕಾಶವಿದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇದ್ದರೆ 60 ಕಿಲೋ ಅಂತರವಿದ್ದೂ ಎರಡೂ ಕಾನೂನಿನೊಳಗೇ ಇರುತ್ತವೆ. 300–400 ಕಿಲೋ ಬಂದರೆ ಅದು ಯಂತ್ರದ ದೋಷ, ಖಾಲಿ ತೂಕದ ದೋಷ, ಇಲ್ಲವೇ ಮೋಸ. ಇಂಥ ಕಾಟಾದಲ್ಲಿ 200 ಕಿಲೋಗಿಂತ ಕಡಿಮೆ ತೂಗಲೂ ಬಾರದು. ನಾಲ್ಕು ಚೀಲ ಸಿಮೆಂಟನ್ನು ಆಟೋದಲ್ಲಿಟ್ಟು ತೂಗಿ ಚೀಲಕ್ಕೆಷ್ಟು ಬಂತೆಂದು ನೋಡುವುದು ವ್ಯರ್ಥ.

ಯಂತ್ರ ಸರಿ ಇದೆಯೇ ಎಂದು ನೋಡಲು ವಾರಕ್ಕೊಮ್ಮೆ ಒಂದು ಪರೀಕ್ಷೆ ಸಾಕು. ಸಣ್ಣ ಲೋಡ್ ಗಾಡಿಯೊಂದನ್ನು ಹಾಸಿನ ಒಂದು ತುದಿಯಲ್ಲಿ, ನಡುವೆ, ಇನ್ನೊಂದು ತುದಿಯಲ್ಲಿ ನಿಲ್ಲಿಸಿ ಮೂರು ಸಲ ಓದಿ. ಮೂರೂ ಒಂದೇ ಇರಬೇಕು, ಹೆಚ್ಚೆಂದರೆ ಒಂದು ಹೆಜ್ಜೆ ಆಚೀಚೆ. ಒಂದು ತುದಿಯಲ್ಲಿ ಮಾತ್ರ ಇಳಿಯುತ್ತಿದ್ದರೆ ಆ ಕಡೆಯ ಲೋಡ್ ಸೆಲ್, ಅದರ ಕೇಬಲ್ ಅಥವಾ ಅಡಿಪಾಯದಲ್ಲಿ ಗಂಟಿದೆ. ನಮ್ಮ ಎರೆಭೂಮಿಯಲ್ಲಿ ಅಡಿಪಾಯದ ಮೇಲೆ ವಿಶೇಷ ಕಣ್ಣಿರಲಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಗಟ್ಟಿ ನೆಲ ಸಿಗುವ ತನಕ ಅಗೆಯದೆ ಕಟ್ಟಿದ ಅಡಿಪಾಯ ಒಂದು ಮೂಲೆಯಲ್ಲಿ ಸರಿದುಬಿಡುತ್ತದೆ. ಮಳೆಗಾಲದಲ್ಲಿ ಗುಂಡಿಯೊಳಗೆ ಕೂರಿಸಿದ ಕಾಟಾದ ನೀರು ಹೊರಹಾಕುವ ಪಂಪು ಕೆಟ್ಟಿರಬಾರದು. ಸೆಲ್ಲುಗಳ ಕೇಬಲ್ ಕೂಡುವ ಜಂಕ್ಷನ್ ಬಾಕ್ಸಿನೊಳಗೆ ತೇವ ಹೋದರೆ ಬೆಳಿಗ್ಗೆ ಪರದೆಯ ಅಂಕಿ ತೇಲುತ್ತದೆ, ಬಿಸಿಲೇರಿದಂತೆ ಸರಿಹೋಗುತ್ತದೆ. ಆ ಲಕ್ಷಣ ಕಂಡರೆ ಮುಚ್ಚಳದ ರಬ್ಬರ್ ಹೋಗಿದೆ ಎಂದರ್ಥ. ಇಲಿ ಕೇಬಲ್ ಕಡಿಯುತ್ತದೆ, ಕಬ್ಬಿಣದ ಪೈಪಿನೊಳಗೆ ಹಾಯಿಸಿ. ಸಿಡಿಲಿನ ಕಾಲದಲ್ಲಿ ಅರ್ತಿಂಗ್ ಗುಂಡಿ ಒಣಗದಂತೆ ನೀರು ಹಾಕಿಸಿ.

ವೆಲ್ಡಿಂಗ್ ಬಗ್ಗೆ ಬಿಡಿಸಿ ಹೇಳಲೇಬೇಕು. ಹಾಸಿನ ಮೇಲೆ, ಅಥವಾ ಹಾಸಿನ ಮೇಲೆ ನಿಂತ ಗಾಡಿಗೆ ವೆಲ್ಡಿಂಗ್ ಮಾಡಬಾರದು. ವೆಲ್ಡಿಂಗ್ ಕರೆಂಟು ವೆಲ್ಡಿಂಗ್ ಮಷಿನ್ನಿಗೆ ಮರಳಲು ದಾರಿ ಹುಡುಕುತ್ತದೆ, ಆ ದಾರಿ ಲೋಡ್ ಸೆಲ್ ಆದರೆ ಒಳಗಿನ ಸೂಕ್ಷ್ಮ ತಂತಿ ಸುಟ್ಟುಹೋಗುತ್ತದೆ. ಹಾಸಿನದೇ ರಿಪೇರಿ ಇದ್ದರೆ ಸೆಲ್‌ಗಳ ಕೇಬಲ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ, ಆಮೇಲೆ ಶುರುಮಾಡಬೇಕು.

ತೂಕ ಸರಿಯಿದ್ದರೂ ಮಾಲಿನ ಗುಣ ಗೊತ್ತಿಲ್ಲದಿದ್ದರೆ ಮೋಸ ಹೋಗುತ್ತೇವೆ. ಇಲ್ಲಿ ಗಿರಾಕಿ ಬ್ರಾಸ್ ಲೆಕ್ಕದಲ್ಲಿ ಕೇಳುತ್ತಾನೆ, ಕಾಟಾ ಟನ್ನಿನಲ್ಲಿ ಹೇಳುತ್ತದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್. ಇಪ್ಪತ್ತರ ಖಡಿ ಬ್ರಾಸಿಗೆ ಸುಮಾರು 4ರಿಂದ 4.25 ಟನ್, ಡಸ್ಟ್ ಸುಮಾರು 4.5ರಿಂದ 4.8 ಟನ್. ನಾಲ್ಕು ಬ್ರಾಸಿನ ಗುರುತಿನವರೆಗೆ ಖಡಿ ತುಂಬಿದ ಟಿಪ್ಪರ್ 17 ಟನ್ನಿನೊಳಗೆ ಇದ್ದರೆ, ಅದೇ ಗುರುತಿಗೆ ಡಸ್ಟ್ ತುಂಬಿದಾಗ 19 ಟನ್ ಮುಟ್ಟಬಹುದು. ಲೋಡರ್ ಆಪರೇಟರ್ ಎರಡಕ್ಕೂ ಬಕೆಟ್ ಎಣಿಕೆ ಒಂದೇ ಇಟ್ಟುಕೊಂಡರೆ ಓವರ್‌ಲೋಡ್ ಆಗುವುದು ಹೀಗೆ. ತೊಳೆದ ಎಂ-ಸ್ಯಾಂಡಿನಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯಿಂದ ಬರುವ ಸ್ಲ್ಯಾಗ್ (ಕುಲುಮೆ ಕಿಟ್ಟದ) ಉಸುಕಿನಲ್ಲಿ ನೀರಿನ ಪಾಲು ಸಣ್ಣದಲ್ಲ. ಒಣ ತೂಕದ ಶೇ. 8ರಷ್ಟು ತೇವವಿದ್ದರೆ 17 ಟನ್ ಲೋಡಿನಲ್ಲಿ 1,250 ಕಿಲೋಗೂ ಹೆಚ್ಚು ನೀರು. ಡಾಲಾದಿಂದ ನೀರು ತೊಟ್ಟಿಕ್ಕುತ್ತಿರುವ ಗಾಡಿಗೆ ಚೀಟಿ ಕೊಟ್ಟರೆ ಸೈಟು ಮುಟ್ಟುವಷ್ಟರಲ್ಲಿ ತೂಕ ಇಳಿದಿರುತ್ತದೆ. ತೊಳೆದ ಮಾಲು ಒಂದು ಹಗಲು ರಾತ್ರಿ ರಾಶಿಯಲ್ಲಿ ಬಸಿಯಲಿ, ಅದಾದ ಮೇಲೆ ಲೋಡ್ ಮಾಡಿ. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿ ಬಲ್ಕರಿನಲ್ಲಿ (ಮುಚ್ಚಿದ ಟ್ಯಾಂಕರಿನಲ್ಲಿ) ಒಣಗಿಯೇ ಬರುವುದರಿಂದ ಈ ತಾಪತ್ರಯವಿಲ್ಲ.

ಓವರ್‌ಲೋಡ್ ಎಂಬ ಪದ ಬಳ್ಳಾರಿಗೆ ಹೊಸದಲ್ಲ. ಅದಿರಿನ ಲಾರಿಗಳ ಅತಿಭಾರ 2011ರ ಲೋಕಾಯುಕ್ತ ವರದಿಯವರೆಗೂ ಹೋಗಿತ್ತು. ಖಡಿ ಗಾಡಿಗೂ ಕಾನೂನು ಅದೇ. ಗಾಡಿಯ ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಮಿತಿ. ಹತ್ತು ಗಾಲಿಯ ಟಿಪ್ಪರಿಗೆ 28,000 ಎಂದು ಬರೆದಿದ್ದು ಕಾಟಾದಲ್ಲಿ 31,000 ಬಂದರೆ, ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000ದಂತೆ 6,000, ಒಟ್ಟು 26,000 ದಂಡ, ಜೊತೆಗೆ ಇಳಿಸುವ ಖರ್ಚು. ಆ ಹೆಚ್ಚುವರಿ ಮೂರು ಟನ್ ಖಡಿಯ ಬೆಲೆ ಈ ದಂಡದ ಹತ್ತಿರಕ್ಕೂ ಬರುವುದಿಲ್ಲ. ಹೆಚ್ಚಾದ ಮಾಲನ್ನು ಯಾರ್ಡಿನಲ್ಲೇ ಇಳಿಸಿ ಮತ್ತೆ ತೂಗಿ. ಗಣಿ ಇಲಾಖೆಯ ಪರ್ಮಿಟ್ಟಿನಲ್ಲಿರುವ ಗಾಡಿ ನಂಬರು, ಮಾಲು, ಪ್ರಮಾಣ, ಅವಧಿ ನಾಲ್ಕೂ ಚೀಟಿಗೆ ಹೊಂದಬೇಕು. ನೆಟ್ ತೂಕ ಪರ್ಮಿಟ್ಟಿಗಿಂತ ಹೆಚ್ಚಿದ್ದರೆ ಗೇಟು ತೆರೆಯಬೇಡಿ.

ಗಾಡಿ ನಂಬರ್ ಒತ್ತುವಾಗ ಕೆಎ ಆದಮೇಲೆ ಬರುವ ಬಳ್ಳಾರಿಯ 34, ಹೊಸಪೇಟೆಯ 35, ರಾಯಚೂರಿನ 36, ಕೊಪ್ಪಳದ 37 ಬೆರಳಿನಡಿ ಅದಲುಬದಲಾಗುತ್ತವೆ. ಡ್ರೈವರ್ ಬಾಯಿಂದ ಕೇಳಿ ಬರೆಯಬೇಡಿ, ಪ್ಲೇಟ್ ನೋಡಿ ಬರೆಯಿರಿ. ಚೀಟಿಗೆ ಥರ್ಮಲ್ ಕಾಗದ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಕಪ್ಪಾಗಿಬಿಡುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಮೂರು ಪ್ರತಿ ಕಾಗದವೇ ಒಳ್ಳೆಯದು. ರದ್ದಾದ ಚೀಟಿಯ ಮೂರೂ ಪ್ರತಿ ಫೈಲಿನಲ್ಲಿರಲಿ, ಕ್ರಮಸಂಖ್ಯೆ ಮುರಿಯಬಾರದು.

ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ ಹೊಸದಾಗಬೇಕು. ಪ್ರಮಾಣಪತ್ರ ಕಿಟಕಿಯ ಬಳಿ ಕಾಣುವಂತಿರಲಿ. ಸೆಲ್ ಬದಲಾಯಿಸಿ ಸೀಲು ಒಡೆದರೆ ವರ್ಷ ತುಂಬುವ ತನಕ ಕಾಯುವಂತಿಲ್ಲ, ಮತ್ತೆ ಪರಿಶೀಲನೆ ಮಾಡಿಸಿಯೇ ತೂಗಬೇಕು. ಸಾಮರ್ಥ್ಯದ ಹತ್ತನೇ ಒಂದು ಭಾಗ ಅಥವಾ ಒಂದು ಟನ್, ಎರಡರಲ್ಲಿ ಕಡಿಮೆಯಾದಷ್ಟು ಮುದ್ರೆಯಿರುವ ತೂಕದ ಕಲ್ಲುಗಳನ್ನು ಜಾಗದಲ್ಲಿ ಇಟ್ಟುಕೊಳ್ಳಬೇಕೆಂದು ನಿಯಮವಿದೆ.

ಪಾಳಿ ಬದಲಾಗುವಾಗ ಮೊದಲ ತೂಕ ಆಗಿ ಎರಡನೆಯದು ಆಗದ ಗಾಡಿಗಳ ಪಟ್ಟಿ ತೆಗೆಯಿರಿ. ಆ ಗಾಡಿಗಳು ಯಾರ್ಡಿನಲ್ಲಿ ನಿಜಕ್ಕೂ ಇವೆಯೇ ಎಂದು ನಡೆದು ಹೋಗಿ ನೋಡಿ, ಇದ್ದವುಗಳ ಮುಂದೆ ಗುರುತು ಹಾಕಿ, ಇಲ್ಲದ್ದನ್ನು ಕೆಂಪು ಪೆನ್ನಿನಲ್ಲಿ ಬರೆದು ಮೇಸ್ತ್ರಿಗೆ ತೋರಿಸಿ. ನಿಮ್ಮ ಲಾಗಿನ್ ಮುಚ್ಚಿ. ಮುಂದಿನವರು ತಮ್ಮ ಪಾಸ್‌ವರ್ಡ್ ಹಾಕಿ, ಖಾಲಿ ಹಾಸಿನ ಸೊನ್ನೆ ನೋಡಿ, ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಮಾಡಿದ ಮೇಲೆ ಮುಂದಿನ ಗಾಡಿ ಹತ್ತಲಿ.