ನೆಬ್ಯುಲೈಸರ್ ಹಾಕಿದಷ್ಟೂ ಏರುತ್ತಿದ್ದ ದಮ್ಮು

ಆರು ತಿಂಗಳು ತುಂಬಿದ ಚೊಚ್ಚಲ ಬಸುರಿ. ಉಬ್ಬಸವೆಂದು ಊರಲ್ಲಿ ದಿನಕ್ಕೆ ಮೂರು ಸಲ ನೆಬ್ಯುಲೈಸರ್ ಹಾಕಿಸಿದ್ದರು. ದಮ್ಮು ಇಳಿಯುವ ಬದಲು ಏರಿತ್ತು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರಬೇಕು, ಮಲಗಿದರೆ ಕೆಮ್ಮು, ಕಫದಲ್ಲಿ ರಕ್ತದ ಎಳೆ. ವಾರ್ಡಿಗೆ ಬಂದಾಗ ನಾಡಿ ನಿಮಿಷಕ್ಕೆ 124.

ಶ್ವಾಸಕೋಶದಲ್ಲಿ ನೀರು ತುಂಬಿದರೂ ಬೆನ್ನಿನ ಮೇಲೆ ಸುಂಯ್‌ಗುಡುವ ಸದ್ದು ಕೇಳುತ್ತದೆ. ಬೆನ್ನಿಗಷ್ಟೇ ಸ್ಟೆತೋಸ್ಕೋಪ್ ಇಟ್ಟವರಿಗೆ ಆಸ್ತಮಾ ಅನ್ನಿಸುವುದು ಸಹಜ. ಎಡಮಗ್ಗುಲಿಗೆ ಮಲಗಿಸಿ, ಸ್ಟೆತೋಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹೃದಯದ ತುದಿಯ ಮೇಲೆ ಹಗುರಾಗಿ ಇಟ್ಟರೆ ಬೇರೆಯದೇ ಕೇಳುತ್ತದೆ: ಜೋರಾದ ಮೊದಲ ಬಡಿತ, ಕವಾಟ ತೆರೆಯುವಾಗಿನ ಚಿಟಕೆ, ಆಮೇಲೆ ತಗ್ಗು ದನಿಯ ಗುಡುಗುಡು. ಹೃದಯದ ಕವಾಟ ಇಕ್ಕಟ್ಟಾಗಿದೆ ಎಂಬುದರ ಗುರುತು ಇವು. ಈ ಗುಡುಗುಡು ತಪ್ಪಿಹೋಗುವುದು ಸಾಮಾನ್ಯವಾಗಿ ಕಿವಿಯ ದೋಷದಿಂದಲ್ಲ, ರೋಗಿಯನ್ನು ಮಗ್ಗುಲಿಗೆ ತಿರುಗಿಸದೆ ಇರುವುದರಿಂದ.

ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಎಡ ಮೇಲ್ಕೋಣೆ, ಕೆಳಕೋಣೆಗಳ ನಡುವಿನ ಮೈಟ್ರಲ್ ಕವಾಟದ ಬಾಯಿ 0.8 ಚದರ ಸೆಂಟಿಮೀಟರ್ ಇತ್ತು. ಆರೋಗ್ಯವಂತರಲ್ಲಿ ಅದು 4ರಿಂದ 6. ಒಂದೂವರೆಗೆ ಇಳಿದರೇ ತೀವ್ರ ಎನ್ನುತ್ತೇವೆ.

ಎಡ ಮೇಲ್ಕೋಣೆಯ ರಕ್ತ ಕೆಳಕೋಣೆಗೆ ಇಳಿಯುವುದು ಹೃದಯ ಸಡಿಲಗೊಂಡಾಗ ಮಾತ್ರ. ಬಡಿತ ಹೆಚ್ಚಾದಾಗ ಹಿಂಡುವ ಸಮಯ ಅಷ್ಟಾಗಿ ಕಡಿಮೆಯಾಗದು, ಸಡಿಲಗೊಳ್ಳುವ ಸಮಯಕ್ಕೇ ಕತ್ತರಿ ಬೀಳುತ್ತದೆ. ಅಷ್ಟೇ ರಕ್ತ ಕಡಿಮೆ ಹೊತ್ತಿನಲ್ಲಿ ಇಕ್ಕಟ್ಟಿನಿಂದ ನುಗ್ಗಬೇಕು. ಹರಿವಿನ ವೇಗ ಎರಡು ಪಟ್ಟಾದರೆ ಬೇಕಾಗುವ ಒತ್ತಡ ನಾಲ್ಕು ಪಟ್ಟು. ಆ ಒತ್ತಡ ಹಿಂದಕ್ಕೆ, ಶ್ವಾಸಕೋಶಕ್ಕೆ ಬೀಳುತ್ತದೆ. ಬಸುರಿನಲ್ಲಿ ರಕ್ತದ ಪ್ರಮಾಣವೇ ಶೇ. 40ರಷ್ಟು ಹೆಚ್ಚಿರುತ್ತದೆ, ಅದರ ಮೇಲೆ ನೆಬ್ಯುಲೈಸರಿನ ಸಾಲ್ಬುಟಮಾಲ್ ಬಡಿತವನ್ನು ಇನ್ನೂ ಓಡಿಸುತ್ತದೆ. ಮಾಡಿದ್ದು ಅದನ್ನು ನಿಲ್ಲಿಸಿ ಆಮ್ಲಜನಕ, ನೀರು ಇಳಿಸಲು ನರಕ್ಕೆ ಲ್ಯಾಸಿಕ್ಸ್, ಬಡಿತ ಇಳಿಸಲು ಮೆಟೊಪ್ರೊಲಾಲ್. ನಾಡಿ ಎಂಬತ್ತರ ಹತ್ತಿರ ಬಂದ ರಾತ್ರಿ ಆಕೆ ಮಲಗಿ ನಿದ್ದೆ ಮಾಡಿದಳು. ಕವಾಟ ಒಂದಿಷ್ಟೂ ಅಗಲವಾಗಿರಲಿಲ್ಲ, ನೆನಪಿರಲಿ.

ಅಗಲ ಮಾಡುವುದು ರಕ್ತನಾಳದ ಮೂಲಕ ಒಳಗೆ ಕಳಿಸಿ ಕವಾಟದಲ್ಲಿ ಉಬ್ಬಿಸುವ ಬಲೂನಿನ ಕೆಲಸ. ಎಲ್ಲ ಕವಾಟಕ್ಕೂ ಅದು ಒಗ್ಗದು. ಎಸಳುಗಳ ಚಲನೆ, ದಪ್ಪ, ಸುಣ್ಣದ ಗಡಸು, ಎಸಳನ್ನು ಹಿಡಿದಿರುವ ಕೆಳಗಿನ ಹುರಿಗಳ ಸ್ಥಿತಿ, ನಾಲ್ಕಕ್ಕೂ ತಲಾ 4ರವರೆಗೆ ಅಂಕ. ಮೊತ್ತ 8ರ ಒಳಗಿದ್ದರೆ ಫಲ ಚೆನ್ನಾಗಿರುತ್ತದೆ. ಆಕೆಯದು 7. ಮೇಲ್ಕೋಣೆಯಲ್ಲಿ ಹೆಪ್ಪು ಇರಲಿಲ್ಲ, ಕವಾಟದಿಂದ ರಕ್ತ ಹಿಂದಕ್ಕೆ ಹರಿಯುವ ಸೋರಿಕೆ ಅತ್ಯಲ್ಪ. ಹೆಪ್ಪು ಕಂಡಿದ್ದರೆ ಬಲೂನ್ ಹಾಕುವುದನ್ನು ಮುಂದೂಡಬೇಕಾಗುತ್ತಿತ್ತು, ತುಣುಕು ಮೆದುಳಿಗೆ ಹಾರುವ ಭಯ.

ಎಕ್ಸ್-ರೇ ನೋಡುತ್ತಾ ಇದನ್ನು ಮಾಡುವ ಕ್ಯಾತ್ ಲ್ಯಾಬಿನಲ್ಲಿ ಹೊಟ್ಟೆಗೆ ಸೀಸದ ಹೊದಿಕೆ. ಎಕ್ಸ್-ರೇ ಮೇಜಿನ ಕೆಳಗಿನಿಂದ ಬರುವುದರಿಂದ ಬೆನ್ನಿನಡಿಯೂ ಒಂದು ಬೇಕು. ಮಗುವಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಎಂದರೆ ಎಕ್ಸ್-ರೇ ಹೊತ್ತಿಸುವ ಪೆಡಲ್ ಮೇಲಿನ ಕಾಲನ್ನು ಬೇಗ ಎತ್ತುವುದು. ಬಲ ತೊಡೆಸಂದಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ಅಭಿಧಮನಿಯಿಂದ ಹೃದಯದ ಬಲ ಮೇಲ್ಕೋಣೆಗೆ ಹೋಗಿ, ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟಬೇಕು. ಅಪಾಯವಿರುವುದು ಇಲ್ಲೇ. ಸೂಜಿ ತುಸು ಮುಂದಾದರೆ ಮಹಾಧಮನಿ, ಹಿಂದಾದರೆ ಹೃದಯದ ಹೊರಗೋಡೆ; ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಬಿಪಿ ಕುಸಿಯುತ್ತದೆ. ಅದನ್ನು ಹೀರಿ ತೆಗೆಯುವ ಸೂಜಿ ಕೈಗೆಟುಕುವಲ್ಲಿ ಇರಲೇಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಗೋಡೆ ದಾಟಿದ್ದು ಖಚಿತವಾದ ಮೇಲೆಯೇ.

ಬಲೂನ್ ಜಪಾನಿನ ಕಾಂಜಿ ಇನೋಯೆ ರೂಪಿಸಿದ್ದು, 1984ರಲ್ಲಿ ಪ್ರಕಟವಾದದ್ದು. ಅಳತೆಯ ಲೆಕ್ಕ ಸರಳ: ಎತ್ತರವನ್ನು ಸೆಂಟಿಮೀಟರಿನಲ್ಲಿ ಹತ್ತರಿಂದ ಭಾಗಿಸಿ ಹತ್ತು ಕೂಡಿಸಿ. 150 ಸೆಂ.ಮೀ. ಎತ್ತರಕ್ಕೆ 25 ಮಿ.ಮೀ. ಒಮ್ಮೆಗೇ ಅಷ್ಟಕ್ಕೆ ಹೋಗದೆ 23ರಿಂದ ಶುರು. ಮೊದಲು ಬಲೂನಿನ ಮುಂತುದಿ ಉಬ್ಬುತ್ತದೆ. ಎಳೆದು ಕವಾಟಕ್ಕೆ ಸಿಕ್ಕಿಸಿದರೆ ಹಿಂಭಾಗ ಉಬ್ಬಿ, ಕೊನೆಗೆ ನಡುವಿನ ಸೊಂಟ ಬಿಚ್ಚಿಕೊಳ್ಳುತ್ತದೆ. ಎಲ್ಲ ಕೆಲವೇ ಸೆಕೆಂಡು. ಪ್ರತಿ ಸಲವೂ ಎಕೋ ನೋಡಿ, ಸೋರಿಕೆ ಒಂದು ದರ್ಜೆ ಏರಿದರೆ ಅಲ್ಲಿಗೇ ನಿಲ್ಲಿಸಬೇಕು. ಆಕೆಗೆ 24ರಲ್ಲಿ 1.7 ಚದರ ಸೆಂ.ಮೀ. ಸಿಕ್ಕಿತು, ಮೇಲ್ಕೋಣೆಯ ಒತ್ತಡ 30ರಿಂದ 13 ಮಿ.ಮೀ. ಪಾದರಸಕ್ಕೆ ಇಳಿಯಿತು. ಇನ್ನೊಂದು ಮಿಲಿಮೀಟರಿನ ಆಸೆಗೆ ಎಸಳು ಹರಿದರೆ ತುರ್ತು ಶಸ್ತ್ರಚಿಕಿತ್ಸೆಯೇ ಗತಿ, ಅದೂ ಬಸುರಿಗೆ.

ಹೆರಿಗೆಯಾದ ಮೊದಲ ಎರಡು ದಿನ ಮತ್ತೆ ಎಚ್ಚರ. ಕುಗ್ಗಿದ ಗರ್ಭಕೋಶದ ರಕ್ತ, ಕಾಲಿನ ಊತದ ನೀರು ಎಲ್ಲ ಹೃದಯಕ್ಕೇ ಮರಳುತ್ತದೆ.

ಕವಾಟ ಅಂಟಿಕೊಂಡದ್ದು ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ. ಕೀಲುನೋವು ಬಂದ ನೆನಪೂ ಹಲವರಿಗಿರುವುದಿಲ್ಲ. ಜ್ವರ ಮರುಕಳಿಸದಂತೆ 12 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, 21 ದಿನಕ್ಕೊಮ್ಮೆ, ಕೊನೆಯ ಜ್ವರದಿಂದ 10 ವರ್ಷ ಅಥವಾ 40 ವಯಸ್ಸಿನವರೆಗೆ, ಯಾವುದು ತಡವೋ ಅದು. ಪುಡಿ ಬೇಗ ತಳ ಸೇರಿ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಆಗ ನರ್ಸ್ ಮತ್ತೆ ಚುಚ್ಚಬೇಕು, ರೋಗಿ ಮುಂದಿನ ಸಲ ತಪ್ಪಿಸಿಕೊಳ್ಳುತ್ತಾರೆ. 21 ಗೇಜಿನ ಸೂಜಿ ಹಾಕಿ, ಕಲಸಿದ ಕೂಡಲೇ ಪೃಷ್ಠದ ಸ್ನಾಯುವಿಗೆ ಆಳವಾಗಿ ಕೊಟ್ಟರೆ ಈ ತಾಪತ್ರಯ ಕಡಿಮೆ.