ಜಾಂಜಿಬಾರ್: ಬೀಚ್ ಆಮೇಲೆ ನೋಡೋಣ

ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ವಾಲಂಟಿಯರ್ ಆಗಿ ಬಂದವರು ಎರಡು ದಿನ ಬಿಡುವು ಸಿಕ್ಕರೆ ಓಡುವುದೇ ಜಾಂಜಿಬಾರ್‌ಗೆ. ನಾವೂ ಹೊರಟೆವು. ನಾನು, ನಾನಿರುವ ಶಾಲೆಯಲ್ಲೇ ಕಂಪ್ಯೂಟರ್ ಹೇಳಿಕೊಡುವ ಜರ್ಮನಿಯ ಹುಡುಗಿ, ಜತೆಗೆ ಇಲ್ಲಿಯವರೇ ಆದ ಗಣಿತದ ಮೇಷ್ಟ್ರು. ಮೇಷ್ಟ್ರ ಅಕ್ಕ ದ್ವೀಪದ ಪೂರ್ವ ಕರಾವಳಿಯ ಪಾಜೆಯಲ್ಲಿದ್ದಾರೆ.

ಫೆರ್ರಿಯಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ವಿದೇಶಿಯರಿಗೆ ಟಿಕೆಟ್ ದುಬಾರಿ, ಇಲ್ಲಿಯವರಿಗೆ ತುಂಬಾ ಅಗ್ಗ. ಮೇಷ್ಟ್ರು ಇದನ್ನು ಹೇಳಿಕೊಂಡು ದಾರಿಯುದ್ದಕ್ಕೂ ನಕ್ಕರು. ದೇಶ ಒಂದೇ ಆದರೂ ಇಳಿದ ಕೂಡಲೇ ಪಾಸ್‌ಪೋರ್ಟ್ ತೋರಿಸಬೇಕು. 1964ರಲ್ಲಿ ಮುಖ್ಯಭೂಮಿಯ ಟಾಂಗನೀಕಾ, ಜಾಂಜಿಬಾರ್ ಎರಡೂ ಸೇರಿ ತಾಂಜಾನಿಯಾ ಆಯಿತು. ಆದರೆ ದ್ವೀಪಕ್ಕೆ ಇವತ್ತಿಗೂ ತನ್ನದೇ ಅಧ್ಯಕ್ಷರು, ತನ್ನದೇ ಶಾಸನಸಭೆ. ಬರುವ ಯೋಚನೆ ಇರುವವರಿಗೆ ಒಂದು ಮಾತು: 2024ರ ಅಕ್ಟೋಬರ್‌ನಿಂದ ವಿದೇಶಿ ಪ್ರವಾಸಿಗರಿಗೆ 44 ಡಾಲರ್‌ನ ಇನ್ಶೂರೆನ್ಸ್ ಕಡ್ಡಾಯ. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಂಡರೆ ಒಳ್ಳೆಯದು.

ಜಾಂಜಿಬಾರ್ ಅಂದರೆ ಬೀಚ್ ಅಂತ ಎಲ್ಲ ಫೋಟೊಗಳೂ ಹೇಳುತ್ತವೆ. ನನ್ನ ಕಾಲು ದ್ವೀಪದ ಹಳೆಯ ಪಟ್ಟಣ ಸ್ಟೋನ್ ಟೌನ್‌ನಲ್ಲೇ ನಿಂತುಬಿಟ್ಟಿತು. ಹವಳದ ಕಲ್ಲಿನ ಹಳೆಯ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದ ಗಲ್ಲಿಗಳು, ಮನೆಗೊಂದು ಕೆತ್ತನೆಯ ಬಾಗಿಲು. ಅದರಲ್ಲಿ ಒಂದು ಬಗೆ ಮಾತ್ರ ಎಲ್ಲೋ ನೋಡಿದ ಹಾಗಿತ್ತು: ಪುಟ್ಟ ಪುಟ್ಟ ಚೌಕಗಳ, ಮಡಚಿಡುವ ಬಾಗಿಲು. ಗುಜರಾತಿ ಬಾಗಿಲು ಅಂದರು ಗೈಡ್. ಕೆಲವಕ್ಕೆ ಹಿತ್ತಾಳೆಯ ಚೂಪು ಮೊಳೆಗಳೂ ಇವೆ. ಆನೆ ಗುದ್ದಬಾರದು ಅಂತ ಭಾರತದಲ್ಲಿ ಹೊಡೆಯುತ್ತಿದ್ದುದಂತೆ. ಈ ದ್ವೀಪದಲ್ಲಿ ಆನೆ ಎಲ್ಲಿಂದ ಬರಬೇಕು? ಸುಮ್ನೆ ದೊಡ್ಡಸ್ತಿಕೆಗೆ.

ಗುಲಾಮರ ಸಂತೆ ನಡೆಯುತ್ತಿದ್ದ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ಇದೆ. ಬ್ರಿಟಿಷರ ಒತ್ತಡಕ್ಕೆ ದ್ವೀಪವನ್ನು ಆಳುತ್ತಿದ್ದ ಅರಬ್ ಸುಲ್ತಾನ ಬರ್ಗಶ್ 1873ರಲ್ಲಿ ಸಂತೆಯನ್ನು ಮುಚ್ಚಿಸಿದ. ಗುಲಾಮರನ್ನು ಕಟ್ಟಿ ಛಡಿಯಿಂದ ಹೊಡೆಯುತ್ತಿದ್ದ ಕಂಬದ ಜಾಗದಲ್ಲೇ ಚರ್ಚಿನ ಪೂಜಾವೇದಿಕೆ ಕಟ್ಟಿದರು ಎನ್ನುತ್ತಾರೆ. ಅಂಗಳದಲ್ಲಿ ಒಂದು ಗುಂಡಿ. ಅದರೊಳಗೆ ಮನುಷ್ಯರ ಮೂರ್ತಿಗಳು, ಕುತ್ತಿಗೆಗೆ ಸರಪಳಿ. ಮೂರ್ತಿಗಳು ಹೊಸವು, ಸರಪಳಿ ಮಾತ್ರ ಆ ಕಾಲದ್ದೇ.

ಅಲ್ಲಿ ನಿಂತಾಗ ಗೈಡ್ ನನ್ನ ಮುಖ ನೋಡಿ, "ಅರಬರು ಮಾತ್ರ ಅಂದುಕೊಳ್ಳಬೇಡಿ, ಇದರಲ್ಲಿ ನಿಮ್ಮವರ ದುಡ್ಡೂ ಇತ್ತು" ಅಂದರು. ನಿಜವೇ. ಸುಲ್ತಾನನ ಸುಂಕ ವಸೂಲಿಯ ಗುತ್ತಿಗೆ ಎಷ್ಟೋ ವರ್ಷ ಕಚ್ಛಿನ ಜೈರಾಮ್ ಶಿವ್‌ಜಿ ಮನೆತನದ ಕೈಯಲ್ಲಿತ್ತು. ಆನೆದಂತ, ಲವಂಗ, ಗುಲಾಮರು, ಎಲ್ಲಕ್ಕೂ ಸುಂಕ. ಲವಂಗದ ತೋಟಗಳಿಗೂ, ಒಳನಾಡಿಗೆ ಹೊರಡುವ ವ್ಯಾಪಾರಿ ತಂಡಗಳಿಗೂ ಸಾಲ ಕೊಟ್ಟವರಲ್ಲಿ ಭಾರತೀಯರು ಜಾಸ್ತಿ. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಇಲ್ಲಿನ ಭಾರತೀಯರ ಹತ್ತಿರವೇ ಇದ್ದ ಸಾವಿರಾರು ಗುಲಾಮರನ್ನು ಬಿಡಿಸಬೇಕಾಯಿತು. ನಮ್ಮ ಪಾಠಪುಸ್ತಕದಲ್ಲಿ ಇದೆಲ್ಲ ಇತ್ತಾ? ನನಗಂತೂ ನೆನಪಿಲ್ಲ. ಆಮೇಲೆ ಸಮುದ್ರದ ಕಡೆಗೆ ಬಂದರೆ ಎದುರಿಗೇ ಹಳೆಯ ಡಿಸ್ಪೆನ್ಸರಿ. ಹಸಿರು ಮರದ ಬಾಲ್ಕನಿಯ ಚಂದದ ಕಟ್ಟಡ. ಕಟ್ಟಿಸಲು ಹೊರಟವರು ಕಚ್ಛಿನ ಇನ್ನೊಬ್ಬ ಸಾಹುಕಾರ ಥಾರಿಯಾ ಟೋಪನ್. ಬಡವರಿಗೆ ಆಸ್ಪತ್ರೆ ಮಾಡುವ ಆಸೆ ಅವರದು. ಆ ಬಾಲ್ಕನಿಯನ್ನು ಹೊಗಳಬೇಕೋ ಬೇಡವೋ ತಿಳಿಯದೆ ಸುಮ್ಮನೆ ನೋಡುತ್ತ ನಿಂತೆ.

ಸಂಜೆ ಫೊರೊಧಾನಿ ಪಾರ್ಕ್. ದೀಪ ಹಚ್ಚಿಕೊಂಡ ಗಾಡಿಗಳ ಸಾಲು, ಎಲ್ಲ ಕಡೆಯಿಂದ ಕರೆಯುವವರೇ. ನಾನು ಉರೋಜೊ ತಗೊಂಡೆ. ಅರಿಸಿನದ ಬಣ್ಣದ, ಮಾವಿನಕಾಯಿ ಹುಳಿಯ ಬಿಸಿ ಸಾರು. ಅದರೊಳಗೆ ಭಜಿ, ಆಲೂಗಡ್ಡೆ, ಮರಗೆಣಸಿನ ಚಿಪ್ಸ್, ಮೇಲೊಂದು ಚಮಚ ತೆಂಗಿನಕಾಯಿ ಚಟ್ನಿ. ಮೊಟ್ಟೆ, ಮಾಂಸ ಬೇಡ ಅಂದರೆ ತಲೆಯಾಡಿಸಿ ಹಾಗೇ ಕೊಡುತ್ತಾರೆ. ಜತೆಗೆ ಶುಂಠಿ, ನಿಂಬೆ ಹಾಕಿ ಹಿಂಡಿದ ಕಬ್ಬಿನ ಹಾಲು. ಇದನ್ನು ಎರಡನೇ ಸಲ ಕೇಳದವರಿಲ್ಲ.

ಮರುದಿನ ಬೆಳಿಗ್ಗೆ ಸ್ಪೈಸ್ ಟೂರ್. ಮೆಣಸಿನ ಬಳ್ಳಿ, ಏಲಕ್ಕಿ, ಜಾಯಿಕಾಯಿ, ಹಲಸು. ನನಗೆ ಮಲೆನಾಡಿನ ಯಾರದೋ ತೋಟದಲ್ಲಿ ದುಡ್ಡು ಕೊಟ್ಟು ತಿರುಗಿದ ಹಾಗಾಯಿತು. ಜರ್ಮನಿಯ ಹುಡುಗಿ ಮಾತ್ರ ಪ್ರತಿ ಎಲೆಯನ್ನೂ ಹಿಸುಕಿ ಮೂಸಿ ಕುಣಿದಾಡಿದಳು. ಲವಂಗದ ಮೊಗ್ಗು ನಾನೂ ಹತ್ತಿರದಿಂದ ನೋಡಿದ್ದು ಅಲ್ಲೇ. ಗೊಂಚಲು ಗೊಂಚಲಾಗಿ, ಹಸಿರು ತಿರುಗಿ ತುಸು ಕೆಂಪಾಗುವ ಹೊತ್ತಿಗೆ, ಅರಳುವ ಮೊದಲೇ ಕಿತ್ತು ಚಾಪೆಯ ಮೇಲೆ ಒಣಗಿಸುತ್ತಾರೆ. ಅರಳಿದರೆ ಬೆಲೆ ಹೋಯಿತು.

ಅಲ್ಲಿಂದ ಪಾಜೆ. ನಾವು ಮುಟ್ಟುವಾಗ ಸಮುದ್ರವೇ ಇಲ್ಲ! ಇಳಿತದ ಹೊತ್ತಲ್ಲಿ ನೀರು ದೂರದ ಹವಳದ ದಿಬ್ಬದವರೆಗೆ ಸರಿದು ಹೋಗುತ್ತದೆ. ಈಜಲು ಬಂದವರು ಮುಖ ಸಪ್ಪೆ ಮಾಡಿಕೊಂಡು ಕೂತಿರುತ್ತಾರೆ. ಊರ ಹೆಂಗಸರಿಗೆ ಕೆಲಸದ ಹೊತ್ತು ಅದೇ. ಮೇಷ್ಟ್ರ ಅಕ್ಕ ಸಮುದ್ರಪಾಚಿ ಬೆಳೆಯುತ್ತಾರೆ, ಇಲ್ಲಿ ಅದನ್ನು ಮ್ವಾನಿ ಅನ್ನುತ್ತಾರೆ. ನಾವೂ ಹಿಂದೆ ಹೋದೆವು. ಮೊಣಕಾಲು ಮುಳುಗದ ನೀರಲ್ಲಿ ಗೂಟಗಳ ಸಾಲು, ನಡುವೆ ಹಗ್ಗ, ಹಗ್ಗಕ್ಕೆ ಗೇಣು ಗೇಣಿಗೆ ಕಟ್ಟಿದ ಪಾಚಿಯ ತುಂಡು. ಅಕ್ಕ ಬಗ್ಗಿ ಬಿಚ್ಚುವ ವೇಗಕ್ಕೆ ನನ್ನ ಕೈ ಎಲ್ಲಿ ಸಮ! ಈ ಪಾಚಿ ಒಣಗಿ ಹೊರದೇಶಕ್ಕೆ ಹೋಗುತ್ತದೆ. ಅದರಿಂದ ತೆಗೆದ ಅಂಟು ಟೂತ್‌ಪೇಸ್ಟ್, ಐಸ್‌ಕ್ರೀಮ್‌ಗೆ ಬೇಕು.

"ನೀರು ಮೊದಲಿನ ಹಾಗಿಲ್ಲ, ಬಿಸಿ ಜಾಸ್ತಿ. ಒಳ್ಳೆ ಜಾತಿ ಪಾಚಿ ಇಲ್ಲಿ ಸಾಯ್ತಿದೆ. ಆಳಕ್ಕೆ ಹೋಗಬೇಕು, ನನಗೆ ಈಜು ಬರಲ್ಲ" ಅಂದರು ಅಕ್ಕ. ಮೇಷ್ಟ್ರು ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು.

"ಕಿಲೋಗೆ ರೇಟು ಯಾರು ಹೇಳ್ತಾರೆ?" ಅಂತ ಮೇಷ್ಟ್ರ ಕೈಲಿ ಕೇಳಿಸಿದೆ.

"ಕೊಳ್ಳೋರು" ಅಂದರು ಅಕ್ಕ, ಹಗ್ಗದಿಂದ ಕಣ್ಣು ತೆಗೆಯದೆ.

ನೀರು ವಾಪಸ್ ಬರುವ ಹೊತ್ತಿಗೆ ನಮ್ಮ ಫೆರ್ರಿಗೆ ಹೊತ್ತಾಗಿತ್ತು. ಆದರೂ ಜರ್ಮನಿಯ ಹುಡುಗಿ ಬಿಡಲಿಲ್ಲ, ಓಡಿಹೋಗಿ ಒಮ್ಮೆ ಮುಳುಗಿ ಬಂದು, ಒದ್ದೆ ಬಟ್ಟೆಯಲ್ಲೇ ಇಲ್ಲಿಯ ಮಿನಿ ಬಸ್ಸು ದಲಾದಲಾ ಹತ್ತಿದಳು. ಪಕ್ಕದ ಸೀಟಿನ ಅಜ್ಜಿ ಊರು ಮುಟ್ಟುವವರೆಗೂ ಬೈಯುತ್ತಲೇ ಇದ್ದರು. ಮೇಷ್ಟ್ರು ಒಂದು ಮಾತನ್ನೂ ಇಂಗ್ಲಿಷಿಗೆ ತರಲಿಲ್ಲ.